ಮರಳು ಕುದಿಯುವುದೇಕೆ? ಗುಳ್ಳೆಯ ವೇಗ ಕಂಡುಹಿಡಿದ ಜಿ. ಐ. ಟೇಲರ್

ರಾತ್ರಿ ಹೊತ್ತು ಮಂಗಳೂರಿನಿಂದ ಸುರತ್ಕಲ್ ಕಡೆಗೆ ಬಸ್ಸಿನಲ್ಲಿ ಹೋಗುವವರಿಗೆ ಬಲಗಡೆಯ ಆಕಾಶದಲ್ಲಿ ಕೆಂಪು ಬೆಳಕೊಂದು ಕಾಣಿಸುವುದುಂಟು. ಅದು ಕುತ್ತೆತ್ತೂರಿನಲ್ಲಿರುವ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆಯ ಬೆಂಕಿ. ಆ ಬೆಂಕಿ ಎಲ್ಲರಿಗೂ ಕಾಣುತ್ತದೆ. ಅದೇ ಕಾರ್ಖಾನೆಯ ಭಾರಿ ಉಕ್ಕಿನ ಪಾತ್ರೆಯೊಂದರೊಳಗೆ ಹಗಲಿರುಳೂ ಕುದಿಯುತ್ತಿರುವ ಪುಡಿ ಮಾತ್ರ ಯಾರಿಗೂ ಕಾಣುವುದಿಲ್ಲ. ಹೌದು, ಪುಡಿಯೇ. ನೀರಲ್ಲ, ಎಣ್ಣೆಯೂ ಅಲ್ಲ. ತಲೆಗೂದಲಿನ ದಪ್ಪದಷ್ಟೇ ಇರುವ ಕಣಗಳ ರಾಶಿ, ಸುಮಾರು 700 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಕುಚ್ಚಲಕ್ಕಿ ಗಂಜಿಯ ಹಾಗೆ ಗುಳ್ಳೆ ಬಿಡುತ್ತಾ ಕುದಿಯುತ್ತಿರುತ್ತದೆ. ಆದರೆ ಕರಗಿರುವುದಿಲ್ಲ.

ಆ ಗುಳ್ಳೆಗಳು ಎಷ್ಟು ವೇಗವಾಗಿ ಮೇಲೇರುತ್ತವೆ ಎಂಬುದಕ್ಕೆ ಎಂಜಿನಿಯರುಗಳ ಬಳಿ ಒಂದು ಪುಟ್ಟ ಸೂತ್ರವಿದೆ. ಅದನ್ನು ಕೊಟ್ಟವರು ತೈಲದ ಕಾರ್ಖಾನೆಗಾಗಿ ಕೊಟ್ಟವರಲ್ಲ. ಅವರೊಬ್ಬ ಇಂಗ್ಲಿಷ್ ಗಣಿತಜ್ಞ, ಹಾಯಿದೋಣಿಯ ಹುಚ್ಚಿನವರು, ಅಣುಬಾಂಬಿನ ಮೊದಲ ಸ್ಫೋಟವನ್ನು ಕಣ್ಣಾರೆ ಕಂಡವರು. ಹೆಸರು ಜೆಫ್ರಿ ಇಂಗ್ರಾಂ ಟೇಲರ್. ವಿಜ್ಞಾನದ ಓಣಿಯಲ್ಲಿ ಎಲ್ಲರೂ ಅವರನ್ನು ಜಿ. ಐ. ಎಂದೇ ಕರೆಯುತ್ತಿದ್ದರು. ಅವರ ಬದುಕಿನ ಕಥೆ ಹೇಳುವ ಮೊದಲು ಮರಳು ಕುದಿಯುವುದು ಎಂದರೇನು ಎಂದು ನೋಡಿಬಿಡೋಣ.

ತಳದಲ್ಲಿ ಸಣ್ಣ ಸಣ್ಣ ತೂತುಗಳಿರುವ ಪಾತ್ರೆಯೊಂದರಲ್ಲಿ ಒಣ ಮರಳು ತುಂಬಿ, ಕೆಳಗಿನಿಂದ ಗಾಳಿ ಊದಿದ್ದೇವೆ ಎಂದುಕೊಳ್ಳಿ. ಮೆಲ್ಲನೆ ಊದಿದರೆ ಗಾಳಿ ಕಣಗಳ ಸಂದಿನಲ್ಲಿ ನುಸುಳಿ ಹೊರಟುಹೋಗುತ್ತದೆ, ಮರಳು ಅಲುಗುವುದಿಲ್ಲ. ಊದುವ ವೇಗ ಹೆಚ್ಚಿಸುತ್ತಾ ಹೋದಂತೆ ಗಾಳಿ ಕಣಗಳನ್ನು ಮೇಲಕ್ಕೆ ತಳ್ಳುವ ಬಲವೂ ಹೆಚ್ಚುತ್ತದೆ. ಆ ಬಲ ಮರಳಿನ ತೂಕಕ್ಕೆ ಸಮವಾದ ಕ್ಷಣದಲ್ಲಿ ಇಡೀ ರಾಶಿಯ ಸ್ವಭಾವವೇ ಬದಲಾಗುತ್ತದೆ. ಕಣಗಳು ಒಂದರ ಮೇಲೊಂದು ಭಾರ ಹಾಕಿ ಕುಳಿತಿರುವುದಿಲ್ಲ, ಗಾಳಿಯಲ್ಲಿ ತೇಲಾಡುತ್ತವೆ. ಪಾತ್ರೆಯನ್ನು ವಾಲಿಸಿದರೂ ಮರಳಿನ ಮೇಲ್ಮೈ ನೀರಿನ ಹಾಗೆ ಮಟ್ಟವಾಗಿಯೇ ನಿಲ್ಲುತ್ತದೆ. ಪಿಂಗ್‌ಪಾಂಗ್ ಚೆಂಡು ತೇಲುತ್ತದೆ, ಕಬ್ಬಿಣದ ಗುಂಡು ಮುಳುಗುತ್ತದೆ, ಪಕ್ಕದಲ್ಲಿ ತೂತು ಕೊರೆದರೆ ಮರಳು ನಲ್ಲಿ ನೀರಿನಂತೆ ಚಿಮ್ಮುತ್ತದೆ. ಇದನ್ನು ಎಂಜಿನಿಯರುಗಳು ಫ್ಲುಯಿಡೈಸ್ಡ್ ಬೆಡ್ ಎನ್ನುತ್ತಾರೆ. ನಾವು ಇಲ್ಲಿ ದ್ರವದಂತಾದ ಹಾಸು, ಚಿಕ್ಕದಾಗಿ ಹಾಸು, ಎನ್ನೋಣ.

ಇದೇ ಕೆಲಸವನ್ನು ನೀರಿನಿಂದಲೂ ಮಾಡಬಹುದು. ನಗರಗಳಿಗೆ ಕುಡಿಯುವ ನೀರು ಸೋಸುವ ಮರಳಿನ ತೊಟ್ಟಿಗಳನ್ನು ತೊಳೆಯಲು ಕೆಳಗಿನಿಂದ ಮೇಲಕ್ಕೆ ನೀರು ಹರಿಸುತ್ತಾರೆ. ಆಗ ಮರಳು ಎದ್ದು ತೇಲಾಡಿ ಕೊಳೆ ಬಿಡುತ್ತದೆ. ವಿಚಿತ್ರವೆಂದರೆ, ನೀರು ಹರಿಸಿದಾಗ ಮರಳು ಸಮವಾಗಿ ಉಬ್ಬುತ್ತದೆ, ಗಲಾಟೆ ಮಾಡುವುದಿಲ್ಲ. ಗಾಳಿ ಊದಿದಾಗ ಮಾತ್ರ ಗುಳ್ಳೆಗಳೇಳುತ್ತವೆ. ಕಣವೇ ಇಲ್ಲದ ಖಾಲಿ ಜಾಗಗಳು ರಾಶಿಯೊಳಗೆ ಹುಟ್ಟಿ, ಬೆಳೆದು, ಮೇಲೇರಿ ಒಡೆಯುತ್ತವೆ.

ಇಲ್ಲೊಂದು ತಪ್ಪು ಕಲ್ಪನೆಯನ್ನು ಕಳೆದುಕೊಳ್ಳಬೇಕು. ಗುಳ್ಳೆ ಎಂದರೆ ಸುತ್ತ ಒಂದು ಪೊರೆ ಇರಲೇಬೇಕು ಎಂದು ನಾವು ಅಂದುಕೊಂಡಿರುತ್ತೇವೆ. ಸಾಬೂನಿನ ಗುಳ್ಳೆಗೆ ಪೊರೆ ಇದೆ. ನೀರಿನೊಳಗಿನ ಗುಳ್ಳೆಗೆ ಪೊರೆ ಇಲ್ಲದಿದ್ದರೂ ನೀರಿನ ಮೇಲ್ಮೈ ಸೆಳೆತವಿದೆ. ಒಣ ಮರಳಿನ ಗುಳ್ಳೆಗೆ ಇವೆರಡೂ ಇಲ್ಲ. ಅದರ ಮೂಲಕ ಗಾಳಿ ಹಾದುಹೋಗುತ್ತಲೇ ಇರುತ್ತದೆ, ಅದರ ಚಾವಣಿಯಿಂದ ಆಗಾಗ ಮರಳು ಉದುರುತ್ತಿರುತ್ತದೆ. ಆದರೂ ಗುಳ್ಳೆ ತನ್ನ ಆಕಾರ ಉಳಿಸಿಕೊಂಡು ಮೇಲೇರುತ್ತದೆ. ಹಿಡಿದಿಡುವುದು ಏನೂ ಇಲ್ಲದ ಈ ವಸ್ತು ಉಳಿಯುವುದಾದರೂ ಹೇಗೆ?

ಈ ಪ್ರಶ್ನೆಯ ಹಿಂದೆ ದೊಡ್ಡ ಹಣದ ಲೆಕ್ಕವಿದೆ. ಫ್ರಿಟ್ಸ್ ವಿಂಕ್ಲರ್ ಎಂಬ ಜರ್ಮನ್ ರಸಾಯನ ವಿಜ್ಞಾನಿ 1922ರಲ್ಲಿ ಕಲ್ಲಿದ್ದಲಿನ ಪುಡಿಯನ್ನು ಹೀಗೆ ತೇಲಿಸಿ ಅನಿಲ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. 1942ರಲ್ಲಿ ಅಮೆರಿಕದ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ, ದಪ್ಪ ತೈಲವನ್ನು ಮುರಿದು ಪೆಟ್ರೋಲ್ ಮಾಡುವ ಮೊದಲ ದೊಡ್ಡ ಘಟಕ ಇದೇ ತತ್ತ್ವದ ಮೇಲೆ ಆರಂಭವಾಯಿತು. ಎಂಆರ್‌ಪಿಎಲ್‌ನ ಮೂರನೇ ಹಂತದ ವಿಸ್ತರಣೆಯಲ್ಲಿ ಬಂದ, ವರ್ಷಕ್ಕೆ 22 ಲಕ್ಷ ಟನ್ ಸಾಮರ್ಥ್ಯದ ಘಟಕವೂ ಅದೇ ವಂಶದ್ದು. ಅಲ್ಲಿ ಪುಡಿಯೆಂದರೆ ಕ್ರಿಯಾವರ್ಧಕ. ಬಿಸಿ ಕ್ರಿಯಾವರ್ಧಕದ ಕಣಗಳು ದಪ್ಪ ತೈಲವನ್ನು ಮುರಿಯುತ್ತವೆ. ಆ ಕೆಲಸದಲ್ಲಿ ಅವುಗಳ ಮೈಮೇಲೆ ಮಸಿ ಕಟ್ಟುತ್ತದೆ. ಇನ್ನೊಂದು ಪಾತ್ರೆಯಲ್ಲಿ ಗಾಳಿ ಊದಿ ಆ ಮಸಿಯನ್ನು ಸುಟ್ಟು, ಕಣಗಳನ್ನು ಮತ್ತೆ ಕೆಲಸಕ್ಕೆ ಕಳಿಸುತ್ತಾರೆ. ನಾವು ಆರಂಭದಲ್ಲಿ ಹೇಳಿದ ಕುದಿತ ನಡೆಯುವುದು ಈ ಎರಡನೆಯ ಪಾತ್ರೆಯಲ್ಲಿ.

ಪುಡಿಯನ್ನು ಹೀಗೆ ತೇಲಿಸಿದರೆ ಪ್ರತಿ ಕಣಕ್ಕೂ ಗಾಳಿ ತಾಗುತ್ತದೆ, ಶಾಖ ಎಲ್ಲ ಕಡೆ ಸಮವಾಗಿ ಹರಡುತ್ತದೆ, ಪುಡಿಯನ್ನು ಕೊಳವೆಯಲ್ಲಿ ನೀರಿನಂತೆ ಹರಿಸಬಹುದು. ಆದರೆ ಗುಳ್ಳೆಗಳು ಈ ಲಾಭಕ್ಕೆ ಕತ್ತರಿ ಹಾಕುತ್ತವೆ. ಗುಳ್ಳೆಯೊಳಗಿರುವ ಅನಿಲ, ಊರಿನ ನಿಲ್ದಾಣದಲ್ಲಿ ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ, ಕಣಗಳಿಗೆ ಸರಿಯಾಗಿ ತಾಗದೆಯೇ ಮೇಲೆ ಹೋಗಿಬಿಡುತ್ತದೆ. ಪ್ರಯೋಗಾಲಯದ ಸಣ್ಣ ಕೊಳವೆಯಲ್ಲಿ ಗುಳ್ಳೆಗಳೂ ಸಣ್ಣವು. ದೊಡ್ಡ ಪಾತ್ರೆಯಲ್ಲಿ ಅವು ಒಂದನ್ನೊಂದು ಕೂಡಿಕೊಂಡು ದೈತ್ಯವಾಗುತ್ತವೆ. 1950ರ ದಶಕದಲ್ಲಿ ಟೆಕ್ಸಸ್‌ನ ಬ್ರೌನ್ಸ್‌ವಿಲ್‌ನಲ್ಲಿ ಅನಿಲದಿಂದ ಪೆಟ್ರೋಲ್ ತಯಾರಿಸುವ ದೊಡ್ಡ ಕಾರ್ಖಾನೆಯೊಂದನ್ನು ನಡೆಸಿದರು. ಸಣ್ಣ ಮಾದರಿಯಲ್ಲಿ ಸಿಕ್ಕ ಫಲ ದೊಡ್ಡ ಪಾತ್ರೆಯಲ್ಲಿ ಸಿಗಲಿಲ್ಲ, ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. ಹಾಸಿನ ಎಂಜಿನಿಯರಿಂಗ್ ಕಲಿಸುವವರು ಇಂದಿಗೂ ಈ ಪಾಠವನ್ನು ಎಚ್ಚರಿಕೆಯಾಗಿ ಹೇಳುತ್ತಾರೆ. ಗುಳ್ಳೆಯ ವೇಗ ತಿಳಿದರೆ ಅದರೊಳಗಿನ ಅನಿಲ ಎಷ್ಟು ಹೊತ್ತು ಹಾಸಿನಲ್ಲಿ ಇರುತ್ತದೆ ಎಂದು ತಿಳಿಯುತ್ತದೆ. ಅದು ತಿಳಿದರೆ ನಷ್ಟ ಎಷ್ಟೆಂದು ಕಟ್ಟುವ ಮೊದಲೇ ಲೆಕ್ಕ ಹಾಕಬಹುದು. ಈ ವೇಗದ ಲೆಕ್ಕ ಟೇಲರ್ ಅವರ ಬದುಕಿನ ನಡುವೆ, ಬೇರೆಯೇ ಕಾರಣಕ್ಕೆ ಹುಟ್ಟಿತು.

ಟೇಲರ್ ಹುಟ್ಟಿದ್ದು 1886ರ ಮಾರ್ಚ್ 7ರಂದು, ಲಂಡನ್ನಿನಲ್ಲಿ. ತಂದೆ ಚಿತ್ರಕಲಾವಿದರು. ತಾಯಿ ಮಾರ್ಗರೆಟ್, ತರ್ಕವನ್ನು ಬೀಜಗಣಿತ ಮಾಡಿದ ಜಾರ್ಜ್ ಬೂಲ್ ಅವರ ಮಗಳು. ಇಂದು ನಿಮ್ಮ ಕೈಯಲ್ಲಿರುವ ಮೊಬೈಲು ಹೌದು, ಅಲ್ಲ ಎಂದು ಲೆಕ್ಕ ಹಾಕುವುದೇ ಬೂಲ್ ಅವರ ಬೀಜಗಣಿತದಲ್ಲಿ. ಬೂಲ್ ಅವರ ಹೆಂಡತಿ ಮೇರಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರ ತಮ್ಮನ ಮಗಳು. ಎವರೆಸ್ಟ್ ಮುಂದುವರಿಸಿದ್ದು ವಿಲಿಯಂ ಲ್ಯಾಂಬ್ಟನ್ ಆರಂಭಿಸಿದ್ದ ಮಹಾ ತ್ರಿಕೋನ ಸರ್ವೆಯನ್ನು. ಆ ಲ್ಯಾಂಬ್ಟನ್ 19ನೇ ಶತಮಾನದ ಆರಂಭದಲ್ಲಿ ಮದರಾಸಿನ ಕರಾವಳಿಯಿಂದ ಹೊರಟು, ಬೆಂಗಳೂರು ದಾಟಿ, ಮಂಗಳೂರಿನ ಕಡಲ ತನಕ ತ್ರಿಕೋನಗಳನ್ನು ಹೆಣೆದು, ಹಳೆಯ ನಕ್ಷೆಗಳು ಈ ಅಗಲವನ್ನು ಸುಮಾರು 40 ಮೈಲಿ ಹೆಚ್ಚು ತೋರಿಸುತ್ತಿದ್ದವು ಎಂದು ಕಂಡುಕೊಂಡಿದ್ದರು. ಗುಳ್ಳೆಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಅಳೆದು ನೋಡದೆ ನಂಬದ ಮನೆತನದವರು ಇವರು ಎಂದು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಬೂಲ್ ಮನೆತನದ ಹೆಣ್ಣುಮಕ್ಕಳದೇ ಒಂದು ಲೇಖನವಾಗುತ್ತದೆ. ಟೇಲರ್ ಅವರ ಒಬ್ಬ ಚಿಕ್ಕಮ್ಮ ಅಲೀಷಿಯಾ, ಕಾಲೇಜು ಮೆಟ್ಟಿಲು ಹತ್ತದೆಯೇ ನಾಲ್ಕು ಆಯಾಮಗಳ ಜ್ಯಾಮಿತಿಯಲ್ಲಿ ಹೆಸರು ಮಾಡಿದವರು. ಇನ್ನೊಬ್ಬರು ಲೂಸಿ, ರಸಾಯನ ವಿಜ್ಞಾನಿ. ಮತ್ತೊಬ್ಬರು ಎಥೆಲ್, ಪ್ರಸಿದ್ಧ ಕಾದಂಬರಿಕಾರ್ತಿ. ಹುಡುಗನಾಗಿದ್ದಾಗ ಟೇಲರ್ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗಾಗಿ ನಡೆಯುತ್ತಿದ್ದ ಕ್ರಿಸ್‌ಮಸ್ ಉಪನ್ಯಾಸಗಳಿಗೆ ಹೋದರು. ವಿಜ್ಞಾನದ ರುಚಿ ಹತ್ತಿದ್ದು ಅಲ್ಲಿ. ದೋಣಿಯ ಹುಚ್ಚೂ ಅದೇ ವಯಸ್ಸಿನದು, ಅದು ಕೊನೆಯವರೆಗೂ ಬಿಡಲಿಲ್ಲ.

1905ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದರು. ಅವರ ಮೊದಲ ಸಂಶೋಧನೆ 1909ರದು, ಬೆಳಕಿನ ಬಗ್ಗೆ. ಬೆಳಕನ್ನು ಮಸಿ ಹಿಡಿಸಿದ ಗಾಜುಗಳಿಂದ ಎಷ್ಟು ಮಂದ ಮಾಡಿದರೆಂದರೆ, ಒಂದು ಮೈಲಿಗಿಂತ ತುಸು ಹೆಚ್ಚು ದೂರದಲ್ಲಿ ಉರಿಯುವ ಮೇಣದ ಬತ್ತಿಯಷ್ಟು ಮಾತ್ರ ಬೆಳಕು ಫಲಕದ ಮೇಲೆ ಬೀಳಬೇಕು. ಒಂದು ಚಿತ್ರ ಮೂಡಲು ಸುಮಾರು ಮೂರು ತಿಂಗಳು ಬೇಕಾಯಿತು. ಪ್ರಯೋಗ ತನ್ನಷ್ಟಕ್ಕೆ ನಡೆಯುತ್ತಿದ್ದಾಗ ಅವರು ಹಾಯಿದೋಣಿ ಹತ್ತಿ ಹೋಗಿದ್ದರಂತೆ. ಬಳಸಿದ ಸಾಮಾನು ಮನೆಯಲ್ಲಿ ಸಿಗುವಂಥದು, ಪ್ರಶ್ನೆ ಮಾತ್ರ ಭೌತವಿಜ್ಞಾನದ ಬುಡದ್ದು. ಅವರ ಮುಂದಿನ 60 ವರ್ಷಗಳ ಕೆಲಸವೆಲ್ಲ ಹೆಚ್ಚುಕಡಿಮೆ ಇದೇ ಬಗೆಯದು.

1912ರಲ್ಲಿ ಟೈಟಾನಿಕ್ ಮುಳುಗಿತು. ಮರುವರ್ಷ ಉತ್ತರ ಅಟ್ಲಾಂಟಿಕ್‌ನಲ್ಲಿ ಮಂಜುಗಡ್ಡೆಗಳ ಮೇಲೆ ಕಣ್ಣಿಡಲು ಸ್ಕೋಷಿಯಾ ಎಂಬ ಹಡಗನ್ನು ಕಳಿಸಿದರು. ಅದರಲ್ಲಿ ಹವಾಮಾನ ತಜ್ಞರಾಗಿ ಹೋದವರು ಟೇಲರ್. ಹಡಗಿನಿಂದ ಗಾಳಿಪಟ ಹಾರಿಸಿ, ಬೇರೆ ಬೇರೆ ಎತ್ತರದಲ್ಲಿ ಗಾಳಿಯ ಬಿಸಿ ಮತ್ತು ತೇವ ಅಳೆದರು. ಶಾಖ ಮೇಲಕ್ಕೆ ಸಾಗುವುದು ಗಾಳಿಯ ಸುಳಿಗಳ ಮೂಲಕ ಎಂಬ ಲೆಕ್ಕ ಅಲ್ಲಿಂದ ಬಂತು. ಮೊದಲ ಮಹಾಯುದ್ಧದಲ್ಲಿ ಫಾರ್ನ್‌ಬರೋದ ವಿಮಾನ ಕಾರ್ಖಾನೆಯಲ್ಲಿ ದುಡಿದರು, ವಿಮಾನ ಹಾರಿಸುವುದನ್ನೂ ಕಲಿತರು.

ಆ ದಿನಗಳ ಒಂದು ತಮಾಷೆ ಇದೆ. ವಿಮಾನದಿಂದ ಶತ್ರುಗಳ ಮೇಲೆ ಉಕ್ಕಿನ ಬಾಣಗಳನ್ನು ಉದುರಿಸುವ ಯೋಚನೆ ಸೈನ್ಯಕ್ಕಿತ್ತು. ಟೇಲರ್ ಮತ್ತು ಜೊತೆಗಾರರು ಒಂದು ಕಂತೆ ಬಾಣಗಳನ್ನು ಹೊಲದ ಮೇಲೆ ಉದುರಿಸಿದರು. ಎಲ್ಲೆಲ್ಲಿ ಬಿದ್ದವು ಎಂದು ಫೋಟೋದಲ್ಲಿ ಕಾಣಲಿ ಎಂದು ನೆಲಕ್ಕೆ ನಾಟಿದ್ದ ಪ್ರತಿ ಬಾಣದ ಮೇಲೂ ಒಂದೊಂದು ಕಾಗದ ಸಿಕ್ಕಿಸಿಟ್ಟರು. ಆಗ ಕುದುರೆಯೇರಿ ಬಂದ ಅಧಿಕಾರಿಯೊಬ್ಬರು, ಆಕಾಶದಿಂದ ಬಿದ್ದ ಒಂದೊಂದು ಬಾಣವೂ ಒಂದೊಂದು ಕಾಗದವನ್ನು ಸರಿಯಾಗಿ ಚುಚ್ಚಿದೆ ಎಂದುಕೊಂಡು ಬೆರಗಾದರು! ವಾಟ್ಸಾಪಿನಲ್ಲಿ ಓಡಾಡುವ ಎಷ್ಟೋ ಪವಾಡದ ಫೋಟೋಗಳ ಹಿಂದೆ ಇಂಥದೇ ಕಥೆ ಇರುತ್ತದೆ.

ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ಗೆ ಮರಳಿದರು. 1923ರಲ್ಲಿ ರಾಯಲ್ ಸೊಸೈಟಿ ಅವರಿಗೆ ಪಾಠ ಮಾಡುವ ಹೊಣೆಯಿಲ್ಲದ ಸಂಶೋಧನಾ ಪ್ರಾಧ್ಯಾಪಕ ಸ್ಥಾನ ಕೊಟ್ಟಿತು. 1952ರವರೆಗೂ ಅದೇ ಹುದ್ದೆ. ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಒಂದು ಕೋಣೆ, ವಾಲ್ಟರ್ ಥಾಂಪ್ಸನ್ ಎಂಬ ನುರಿತ ಸಹಾಯಕ, ಅಷ್ಟೇ. ದೊಡ್ಡ ತಂಡ ಕಟ್ಟಲಿಲ್ಲ, ದೊಡ್ಡ ಯಂತ್ರಗಳನ್ನೂ ಕೇಳಲಿಲ್ಲ.

ಅದೇ 1923ರಲ್ಲಿ ಬಂದ ಅವರ ಲೇಖನವೊಂದನ್ನು ಇಲ್ಲಿ ಹೇಳಲೇಬೇಕು. ಒಂದರೊಳಗೊಂದು ಇಟ್ಟ ಎರಡು ಉರುಳೆಗಳ ನಡುವೆ ದ್ರವ ತುಂಬಿ ಒಳಗಿನದನ್ನು ತಿರುಗಿಸಿದರೆ, ಮೊದಮೊದಲು ದ್ರವ ಸಮವಾಗಿ ಸುತ್ತುತ್ತದೆ. ವೇಗ ಒಂದು ಮಿತಿ ದಾಟಿದ ಕೂಡಲೇ ಆ ಸಮ ಹರಿವು ಮುರಿದು, ಬಳೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಸುಳಿಗಳು ಏಳುತ್ತವೆ. ಆ ಮಿತಿ ಎಷ್ಟೆಂದು ಟೇಲರ್ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದರು, ಆಮೇಲೆ ಪ್ರಯೋಗದಲ್ಲಿ ಅಳೆದರು. ಎರಡೂ ತಾಳೆಯಾದವು. ವಿಜ್ಞಾನಿಗಳು ಇದನ್ನು ಅಸ್ಥಿರತೆ ಎನ್ನುತ್ತಾರೆ. ಪೆನ್ಸಿಲನ್ನು ಮೊನೆಯ ಮೇಲೆ ನಿಲ್ಲಿಸುವುದು ಲೆಕ್ಕದಲ್ಲಿ ಸಾಧ್ಯ, ನಿಜದಲ್ಲಿ ಎಳ್ಳಷ್ಟು ಅಲುಗಿದರೂ ಆ ಅಲುಗಾಟ ಬೆಳೆದು ಪೆನ್ಸಿಲು ಬೀಳುತ್ತದೆ. ಸಮವಾದ ಸ್ಥಿತಿ ಯಾವಾಗ ತಾನಾಗಿ ಮುರಿಯುತ್ತದೆ ಎಂಬ ಪ್ರಶ್ನೆಯನ್ನು ಟೇಲರ್ ಜೀವನಪೂರ್ತಿ ಬೇರೆ ಬೇರೆ ಬಾಗಿಲುಗಳಿಂದ ತಟ್ಟಿದರು.

1925ರಲ್ಲಿ ಸ್ಟೆಫನಿ ರೇವನ್‌ಹಿಲ್ ಅವರನ್ನು ಮದುವೆಯಾದರು. ಅವರೂ ದೋಣಿ ಹತ್ತುವವರೇ. 1927ರಲ್ಲಿ ಫ್ರಾಲಿಕ್ ಎಂಬ ತಮ್ಮ ಹಾಯಿದೋಣಿಯಲ್ಲಿ ನಾರ್ವೆಯ ಉತ್ತರದ ಲೊಫೊಟೆನ್ ದ್ವೀಪಗಳವರೆಗೆ ಹೋಗಿಬಂದರು. ಭಾರವಾದ ಲಂಗರನ್ನು ಕೈಯಲ್ಲೇ ಎತ್ತಬೇಕಾದ ಕಷ್ಟ ದೋಣಿಯವರಿಗೆ ಗೊತ್ತು. ಮಂಗಳೂರಿನ ಧಕ್ಕೆಯ ಮೀನುಗಾರರನ್ನು ಕೇಳಿದರೆ ಅವರೂ ಹೇಳಿಯಾರು. ಹಗುರವಾಗಿರಬೇಕು, ಗಟ್ಟಿಯಾಗಿಯೂ ಹಿಡಿಯಬೇಕು, ಅಂಥ ಲಂಗರು ಯಾವ ಆಕಾರದ್ದು? ಟೇಲರ್ ನೇಗಿಲಿನ ಗುಳದಂಥ ಆಕಾರವೊಂದನ್ನು ಲೆಕ್ಕ ಹಾಕಿ ಮಾಡಿದರು. ಎಳೆದಷ್ಟೂ ಅದು ಮರಳಿನೊಳಗೆ ಇನ್ನಷ್ಟು ಹೂತುಕೊಳ್ಳುತ್ತದೆ. 1933ರ ಈ ಸಿಕ್ಯುಆರ್ ಲಂಗರು ಇಂದಿಗೂ ಹಾಯಿದೋಣಿಗಳಲ್ಲಿ ಕಾಣಸಿಗುತ್ತದೆ. ಮರಳು ಒಮ್ಮೆ ಕಲ್ಲಿನಂತೆ ಬಿಗಿಯುತ್ತದೆ, ಒಮ್ಮೆ ನೀರಿನಂತೆ ಹರಿಯುತ್ತದೆ ಎಂಬುದನ್ನು ಕೈಯಾರೆ ತಿಳಿದವರು ಅವರು. ಮರುವರ್ಷ, 1934ರಲ್ಲಿ, ಲೋಹಗಳು ಏಕೆ ಬಾಗುತ್ತವೆ ಎಂಬುದಕ್ಕೆ ಉತ್ತರ ಕೊಟ್ಟ ಮೂವರಲ್ಲಿ ಅವರೂ ಒಬ್ಬರು.

ಎರಡನೆಯ ಮಹಾಯುದ್ಧ ಬಂದಾಗ ಸರ್ಕಾರದವರಿಗೆ ಸ್ಫೋಟದ ಲೆಕ್ಕ ಬೇಕಾಯಿತು. ಸಣ್ಣ ಜಾಗದಲ್ಲಿ ಅಪಾರ ಶಕ್ತಿ ಒಮ್ಮೆಗೇ ಬಿಡುಗಡೆಯಾದರೆ ಆಘಾತದ ಅಲೆ ಹೇಗೆ ಹಬ್ಬುತ್ತದೆ ಎಂದು 1941ರಲ್ಲೇ ಟೇಲರ್ ಗುಟ್ಟಾದ ವರದಿ ಬರೆದರು. ಆಮೇಲೆ ಅಮೆರಿಕದ ಲಾಸ್ ಅಲಾಮೋಸ್‌ಗೆ ಹೋದ ಬ್ರಿಟಿಷ್ ತಂಡದಲ್ಲೂ ಸೇರಿದರು. 1945ರ ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಮೊದಲ ಅಣುಬಾಂಬ್ ಸಿಡಿದಾಗ ಅವರು ಅಲ್ಲಿದ್ದರು. ಮೂರು ವಾರಗಳೊಳಗೆ ಹಿರೋಶಿಮಾ.

ಇಲ್ಲಿಯೇ ಅಂತರ್ಜಾಲದ ಒಂದು ಜನಪ್ರಿಯ ಕಥೆಯನ್ನು ತಿದ್ದಬೇಕು. ಏನೂ ಗೊತ್ತಿಲ್ಲದ ಹೊರಗಿನ ಪ್ರೊಫೆಸರೊಬ್ಬರು ಪತ್ರಿಕೆಯಲ್ಲಿ ಬಂದ ಫೋಟೋ ನೋಡಿ, ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕಿ, ಅಮೆರಿಕದ ಮಹಾ ರಹಸ್ಯವನ್ನು ಬಯಲು ಮಾಡಿದರು ಎಂಬ ಕಥೆ ಅದು. ಟೇಲರ್ ಹೊರಗಿನವರಾಗಿರಲಿಲ್ಲ, ಸ್ಫೋಟವನ್ನು ನೋಡಿದವರು. ಅವರು ಬಳಸಿದ್ದು 1947ರಲ್ಲಿ ಅಧಿಕೃತವಾಗಿಯೇ ಬಿಡುಗಡೆಯಾದ ಫೋಟೋ ಸರಣಿ. ಪ್ರತಿ ಚಿತ್ರದಲ್ಲೂ ಕಾಲ ಮತ್ತು ಅಳತೆ ನಮೂದಾಗಿದ್ದವು. ಸಿಡಿದು 0.025 ಸೆಕೆಂಡಿಗೆ ಬೆಂಕಿಯುಂಡೆಯ ತ್ರಿಜ್ಯ 130 ಮೀಟರ್. ಇಂಥ ಹಲವು ಅಳತೆಗಳನ್ನು ತಮ್ಮ 1941ರ ಸೂತ್ರಕ್ಕೆ ಹಾಕಿ, ಬಾಂಬಿನ ಶಕ್ತಿ 16,800 ಟನ್ ಟಿಎನ್‌ಟಿಗೆ ಸಮ ಎಂದು 1950ರಲ್ಲಿ ಪ್ರಕಟಿಸಿದರು. ಲೆಕ್ಕ ಅದ್ಭುತವೇ, ಪವಾಡವಲ್ಲ.

ಬೆಂಕಿಯುಂಡೆಯ ಇನ್ನೊಂದು ಪ್ರಶ್ನೆ ನಮ್ಮ ವಿಷಯಕ್ಕೆ ತಾಗುತ್ತದೆ. ಸ್ಫೋಟದ ನಂತರ ಆ ಬಿಸಿ ಉಂಡೆ ಮೇಲೇರುತ್ತದೆ, ಅಣಬೆಯಾಗುತ್ತದೆ. ಅಣಬೆ ಮೋಡ ಅಣುಬಾಂಬಿಗೆ ಮಾತ್ರ ಮೀಸಲು ಎಂದು ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ, ದೊಡ್ಡ ಸ್ಫೋಟ ಯಾವುದಾದರೂ, ಜ್ವಾಲಾಮುಖಿಯಾದರೂ, ಅಂಥ ಮೋಡ ಏಳಬಹುದು. ಸುತ್ತಲಿನ ಭಾರದ ಗಾಳಿಯಲ್ಲಿ ಬಿಸಿಯಾದ ಹಗುರ ಉಂಡೆ ಏರುವುದಕ್ಕೂ ನೀರಿನಲ್ಲಿ ಗಾಳಿಗುಳ್ಳೆ ಏರುವುದಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ ಎಂದು ಟೇಲರ್ ಕಂಡರು. ಹಾಗಾದರೆ ಮರುಭೂಮಿಯ ಬದಲು ತೊಟ್ಟಿಯಲ್ಲೇ ನೋಡಬಹುದಲ್ಲ!

ಆರ್. ಎಂ. ಡೇವಿಸ್ ಎಂಬ ಸಹೋದ್ಯೋಗಿಯ ಜೊತೆ ಸೇರಿ ನೈಟ್ರೊಬೆಂಜೀನ್ ಎಂಬ ದ್ರವದಲ್ಲಿ ದೊಡ್ಡ ಗಾಳಿಗುಳ್ಳೆಗಳನ್ನು ಬಿಟ್ಟು ಫೋಟೋ ತೆಗೆದರು. ದೊಡ್ಡ ಗುಳ್ಳೆ ಚೆಂಡಿನಂತೆ ದುಂಡಗಿರಲಿಲ್ಲ. ಮೇಲ್ಭಾಗ ಟೋಪಿಯ ಹಾಗೆ ಗುಮ್ಮಟ, ತಳ ಹೆಚ್ಚುಕಡಿಮೆ ಚಪ್ಪಟೆ. ಗುಳ್ಳೆಯ ಜೊತೆಗೇ ನಾವೂ ಏರುತ್ತಿದ್ದೇವೆ ಎಂದುಕೊಂಡರೆ, ದ್ರವ ಗುಮ್ಮಟದ ನೆತ್ತಿಯಿಂದ ಎರಡೂ ಬದಿಗೆ ಜಾರಿ ಬೀಳುತ್ತಿರುವಂತೆ ಕಾಣುತ್ತದೆ. ಗುಳ್ಳೆಯೊಳಗೆ ಒತ್ತಡ ಎಲ್ಲ ಕಡೆ ಒಂದೇ ಆದ್ದರಿಂದ, ಜಾರುವ ದ್ರವವನ್ನು ಅದು ತಡೆಯುವುದೂ ಇಲ್ಲ, ತಳ್ಳುವುದೂ ಇಲ್ಲ. ಹಾಗಾಗಿ ಅದು ಮರದಿಂದ ಬೀಳುವ ತೆಂಗಿನಕಾಯಿಯಂತೆ, ಗುರುತ್ವದ ಲೆಕ್ಕದಲ್ಲೇ ವೇಗ ಪಡೆಯಬೇಕು. ಗೋಲದ ಸುತ್ತ ದ್ರವ ಹೇಗೆ ಹರಿಯುತ್ತದೆ ಎಂಬ ಹಳೆಯ ಲೆಕ್ಕವನ್ನು ಇದರ ಜೊತೆ ಹೊಂದಿಸಿದರೆ ಉತ್ತರ ತಾನಾಗಿ ಬೀಳುತ್ತದೆ: ಗುಮ್ಮಟದ ತ್ರಿಜ್ಯವನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸಿ, ವರ್ಗಮೂಲ ತೆಗೆದು, ಅದರ ಮೂರರಲ್ಲಿ ಎರಡು ಭಾಗ ಮಾಡಿ. ಅದೇ ಗುಳ್ಳೆಯ ವೇಗ.

ಈ ಸೂತ್ರದಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ನೋಡಿ. ದ್ರವ ಯಾವುದು, ಎಷ್ಟು ಅಂಟು, ಎಷ್ಟು ಸಾಂದ್ರ, ಒಳಗಿನ ಅನಿಲ ಯಾವುದು, ಇವು ಒಂದೂ ಇಲ್ಲ. ಗುಳ್ಳೆ ಸಾಕಷ್ಟು ದೊಡ್ಡದಿದ್ದರೆ ಅದರ ಗಾತ್ರ ಮತ್ತು ಭೂಮಿಯ ಸೆಳೆತ, ಇವೆರಡೇ ಸಾಕು. ಮೇಲ್ಮೈ ಸೆಳೆತ ಬೇಕಿಲ್ಲ, ಪೊರೆ ಬೇಕಿಲ್ಲ. 1950ರಲ್ಲಿ ಈ ಲೇಖನ ಪ್ರಕಟವಾಯಿತು.

ಕೇಂಬ್ರಿಜ್‌ನಲ್ಲೇ, ಅದೇ ಟ್ರಿನಿಟಿ ಕಾಲೇಜಿನಲ್ಲಿ ಫೆಲೋ ಆಗಿದ್ದ ಕೆಮಿಕಲ್ ಎಂಜಿನಿಯರ್ ಜಾನ್ ಡೇವಿಡ್‌ಸನ್ ಈ ಸೂತ್ರವನ್ನು ಮರಳಿಗೆ ತಂದವರು. 1959ರಲ್ಲಿ ಅವರೂ ಜೊತೆಗಾರರೂ ಗಾಳಿ ಊದಿದ ಹಾಸಿನಲ್ಲಿ ಗುಳ್ಳೆಗಳ ವೇಗ ಅಳೆದರು. ಟೇಲರ್ ಸೂತ್ರ ಹೇಳಿದಂತೆಯೇ ಬಂತು. 5 ಸೆಂಟಿಮೀಟರ್ ಅಗಲದ ಗುಳ್ಳೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಏರುತ್ತದೆ, 20 ಸೆಂಟಿಮೀಟರಿನದು ಸುಮಾರು 1 ಮೀಟರ್. ದೊಡ್ಡದು ಚಿಕ್ಕದಕ್ಕಿಂತ ಬೇಗ ಏರುವುದರಿಂದ ಮುಂದಿನದನ್ನು ಹಿಡಿದು ನುಂಗುತ್ತದೆ, ಇನ್ನೂ ದೊಡ್ಡದಾಗುತ್ತದೆ, ಇನ್ನೂ ಬೇಗ ಓಡುತ್ತದೆ. ದೊಡ್ಡ ಪಾತ್ರೆಗಳಲ್ಲಿ ಅನಿಲ ಏಕೆ ಪೋಲಾಗುತ್ತದೆ ಎಂಬುದು ಈಗ ಅಂಕೆಗಳಲ್ಲಿ ಸಿಕ್ಕಿತು. 1961ರಲ್ಲಿ ಡೇವಿಡ್‌ಸನ್ ಮುಂದುವರಿದು, ಗುಳ್ಳೆಯಿಂದ ಹೊರಬಿದ್ದ ಅನಿಲ ಅದರ ಸುತ್ತಲೇ ಮೋಡದಂತೆ ಸುತ್ತಿ ಮತ್ತೆ ಒಳಸೇರುವುದನ್ನು ಲೆಕ್ಕದಲ್ಲಿ ತೋರಿಸಿದರು. ಹಾರ್ವೆಲ್‌ನಲ್ಲಿ ಪೀಟರ್ ರೋ ಮತ್ತು ಸಂಗಡಿಗರು ಎಕ್ಸ್‌ರೇ ಹಾಯಿಸಿ ಮರಳಿನೊಳಗಿನ ಗುಳ್ಳೆಗಳ ಚಿತ್ರವನ್ನೇ ತೆಗೆದರು. ಅವೂ ಟೋಪಿಯಾಕಾರದವು, ತಳದಲ್ಲಿ ಒಳಗೆ ತಗ್ಗಿ ಮೂತ್ರಪಿಂಡದಂತೆ ಕಾಣುವವು.

ಗುಳ್ಳೆಯ ಚಾವಣಿ ಕುಸಿಯುವುದಿಲ್ಲವೇಕೆ ಎಂಬುದಕ್ಕೂ 1950ರ ಟೇಲರ್ ಅವರ ಮತ್ತೊಂದು ಲೇಖನ ದಾರಿ ತೋರುತ್ತದೆ. ಹಗುರದ ಮೇಲೆ ಭಾರದ್ದು ಕುಳಿತರೆ ನಡುವಿನ ಗಡಿ ನಿಲ್ಲುವುದಿಲ್ಲ, ಭಾರದ್ದು ಬೆರಳುಗಳಂತೆ ಕೆಳಕ್ಕೆ ಇಳಿಯುತ್ತದೆ. ಲಾರ್ಡ್ ರೇಲಿ 1883ರಲ್ಲೇ ಇದರ ಲೆಕ್ಕ ಮಾಡಿದ್ದರು. ಗಡಿಯೇ ವೇಗ ಹೆಚ್ಚಿಸಿಕೊಂಡು ಓಡುವಾಗ ಏನಾಗುತ್ತದೆ ಎಂದು ಟೇಲರ್ ವಿಸ್ತರಿಸಿದರು. ಇಂದು ಇದಕ್ಕೆ ಇಬ್ಬರ ಹೆಸರೂ ಇದೆ. ಗುಳ್ಳೆಯ ಚಾವಣಿ ಎಂದರೆ ಅನಿಲದ ಮೇಲೆ ಕುಳಿತ ಮರಳು. ಬೆರಳುಗಳು ಅಲ್ಲಿ ಹುಟ್ಟುತ್ತಲೇ ಇರುತ್ತವೆ. ಆದರೆ ಮರಳು ಗುಮ್ಮಟದ ಮೇಲಿಂದ ಬದಿಗೆ ಜಾರುತ್ತಿರುವುದರಿಂದ, ಬೆರಳು ಬೆಳೆಯುವ ಮೊದಲೇ ಅಂಚಿಗೆ ಒಯ್ದು ಬಿಸಾಡಲ್ಪಡುತ್ತದೆ. ಗುಳ್ಳೆ ತುಂಬಾ ದೊಡ್ಡದಾದರೆ ಬೆರಳಿಗೆ ಬೆಳೆಯಲು ಸಮಯ ಸಿಗುತ್ತದೆ, ಗುಳ್ಳೆ ಸೀಳುತ್ತದೆ. ಕಣಗಳು ನುಣುಪಾದಷ್ಟೂ ಈ ಸೀಳುವಿಕೆ ಬೇಗ. ತೈಲ ಘಟಕಗಳವರು ಕ್ರಿಯಾವರ್ಧಕದಲ್ಲಿ ಅತಿ ನುಣುಪಾದ ಪುಡಿಯ ಪಾಲು ಕಡಿಮೆಯಾಗದಂತೆ ನೋಡಿಕೊಳ್ಳುವುದು ಇದಕ್ಕೇ. ಆ ಪಾಲು ಹಾರಿಹೋದರೆ ಗುಳ್ಳೆಗಳು ದಪ್ಪವಾಗುತ್ತವೆ, ಹಾಸು ಒರಟಾಗುತ್ತದೆ.

ನಮ್ಮ ನಾಡಿನ ಒಂದು ಕೊಂಡಿಯೂ ಇದೆ. ತೂತಿನಿಂದ ಹೊರಡುವ ಗುಳ್ಳೆ ಎಷ್ಟು ದೊಡ್ಡದಾದ ಮೇಲೆ ಕಳಚಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಕುಮಾರ್ ಮತ್ತು ಎನ್. ಆರ್. ಕೂಳೂರ್ ಉತ್ತರ ಹುಡುಕಿದರು. ಗುಳ್ಳೆ ಮೊದಲು ತೂತಿಗೆ ಅಂಟಿಕೊಂಡೇ ಉಬ್ಬುತ್ತದೆ, ಆಮೇಲೆ ಮೇಲೆದ್ದು ಕುತ್ತಿಗೆ ಎಳೆದುಕೊಂಡು ಬಿಡಿಸಿಕೊಳ್ಳುತ್ತದೆ ಎಂಬ ಎರಡು ಹಂತದ ಮಾದರಿ ಅವರದು. ಅದರ ಬಗ್ಗೆ ಅವರು 1970ರಲ್ಲಿ ಬರೆದ ದೀರ್ಘ ಲೇಖನವನ್ನು ಜಗತ್ತಿನಾದ್ಯಂತ ಗುಳ್ಳೆಯ ಸಂಶೋಧಕರು ಇಂದಿಗೂ ಉಲ್ಲೇಖಿಸುತ್ತಾರೆ. ಕುಮಾರ್-ಕೂಳೂರ್ ಮಾದರಿ ಎಂಬ ಹೆಸರು ಓದಿದ ಮಂಗಳೂರಿನವರಿಗೆ ಕೂಳೂರು ಸೇತುವೆ ನೆನಪಾಗದೆ ಇರದು.

ಟೇಲರ್ 1952ರಲ್ಲಿ ನಿವೃತ್ತರಾದರು, ಕೆಲಸ ನಿಲ್ಲಿಸಲಿಲ್ಲ. ಅದಕ್ಕೂ ತುಸು ಮೊದಲು, ವೀರ್ಯಾಣುವಿನಂಥ ಸೂಕ್ಷ್ಮ ಜೀವಿಗಳು ಬಾಲ ಬಡಿದು ಹೇಗೆ ಈಜುತ್ತವೆ ಎಂದು ಲೆಕ್ಕ ಮಾಡಿದ್ದರು. 1958ರಲ್ಲಿ ಫಿಲಿಪ್ ಸ್ಯಾಫ್‌ಮನ್ ಜೊತೆ, ಅಂಟು ದ್ರವವನ್ನು ತೆಳು ದ್ರವ ತಳ್ಳಿದಾಗ ಗಡಿ ಹೇಗೆ ಬೆರಳುಬೆರಳಾಗಿ ಒಡೆಯುತ್ತದೆ ಎಂದು ತೋರಿಸಿದರು. ಅಸ್ಥಿರತೆಯ ಬಾಗಿಲನ್ನು 70ರ ಹರೆಯದಲ್ಲೂ ತಟ್ಟುತ್ತಲೇ ಇದ್ದರು. 1972ರಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಕೆಲಸ ನಿಂತಿತು. 1975ರ ಜೂನ್ 27ರಂದು ಕೇಂಬ್ರಿಜ್‌ನಲ್ಲಿ ತೀರಿಕೊಂಡರು. 89 ವರ್ಷ.

ಒಂದು ಪ್ರಶ್ನೆ ಹಾಗೇ ಉಳಿದಿತ್ತು. ಗುಳ್ಳೆ ಹುಟ್ಟಿದ ಮೇಲಿನ ಕಥೆ ತಿಳಿಯಿತು, ಸಮವಾಗಿ ತೇಲುತ್ತಿದ್ದ ಹಾಸಿನಲ್ಲಿ ಅದು ಹುಟ್ಟುವುದೇ ಏಕೆ? ನೀರಿನಲ್ಲಿ ಹುಟ್ಟದ್ದು ಗಾಳಿಯಲ್ಲಿ ಏಕೆ? ಇದನ್ನು ಕೈಗೆತ್ತಿಕೊಂಡವರಲ್ಲಿ ಟೇಲರ್ ಅವರ ಶಿಷ್ಯ ಜಾರ್ಜ್ ಬ್ಯಾಚೆಲರ್ ಒಬ್ಬರು. 1945ರಲ್ಲಿ ಆಸ್ಟ್ರೇಲಿಯಾದಿಂದ ಟೇಲರ್ ಬಳಿ ಕಲಿಯಲೆಂದೇ ಬಂದವರು. ಅವರಿಗಿಂತ ಮೊದಲೇ 1960ರ ದಶಕದಲ್ಲಿ ರಾಯ್ ಜಾಕ್ಸನ್ ಮೊದಲಾದವರು, ಸಮವಾದ ಹಾಸು ತಾತ್ತ್ವಿಕವಾಗಿ ಅಸ್ಥಿರ ಎಂದು ತೋರಿಸಿದ್ದರು. ಕಣಗಳು ಎಲ್ಲೋ ಒಂದೆಡೆ ತುಸು ವಿರಳವಾದರೆ ಅಲ್ಲಿ ಗಾಳಿಯ ಹಿಡಿತ ಬದಲಾಗುತ್ತದೆ. ಕಣ ಆ ಬದಲಾವಣೆಗೆ ತಕ್ಷಣ ಹೊಂದಿಕೊಂಡರೆ ತೊಂದರೆಯಿಲ್ಲ. ಆದರೆ ಗಾಳಿಗಿಂತ ಕಣ ಸಾವಿರಾರು ಪಟ್ಟು ಸಾಂದ್ರ. ಲೋಡು ತುಂಬಿದ ಲಾರಿ ಬ್ರೇಕ್ ಹಾಕಿದರೂ ಮುಂದಕ್ಕೆ ಜಾರುವಂತೆ, ಅದು ನಿಲ್ಲಬೇಕಾದ ಜಾಗ ದಾಟಿ ಹೋಗುತ್ತದೆ. ಹೀಗೆ ವಿರಳ ಜಾಗ ಇನ್ನಷ್ಟು ವಿರಳವಾಗುತ್ತದೆ. ನೀರಿನಲ್ಲಿ ಕಣ ಮತ್ತು ದ್ರವದ ಸಾಂದ್ರತೆ ಅಷ್ಟೇನೂ ದೂರವಿಲ್ಲದ್ದರಿಂದ ಈ ಎಡವಟ್ಟು ಬಹಳ ನಿಧಾನ.

1988ರಲ್ಲಿ, 68ನೇ ವಯಸ್ಸಿನಲ್ಲಿ, ಬ್ಯಾಚೆಲರ್ ಇದಕ್ಕೊಂದು ಹೊಸ ಸಿದ್ಧಾಂತ ಬರೆದರು. ಕಣಗಳ ಜಡತ್ವ ಹಾಸನ್ನು ಕೆಡಿಸಲು ನೋಡಿದರೆ, ಕಣಗಳ ಅಡ್ಡಾದಿಡ್ಡಿ ಚಲನೆ ಅದನ್ನು ಸಮ ಮಾಡಲು ನೋಡುತ್ತದೆ. ಯಾವುದು ಗೆಲ್ಲುತ್ತದೆ ಎಂಬುದರ ಮೇಲೆ ಗುಳ್ಳೆ ಹುಟ್ಟುವುದು ನಿಂತಿದೆ ಎಂದರು. 1993ರಲ್ಲಿ ಮತ್ತೊಂದು ಲೇಖನದಲ್ಲಿ, ಹಾಸಿನಲ್ಲಿ ಮೊದಲು ಅಡ್ಡಡ್ಡ ಪಟ್ಟಿಗಳಾಗಿ ಏಳುವ ದಟ್ಟ ಮತ್ತು ವಿರಳ ಅಲೆಗಳು ಆಮೇಲೆ ಏಕೆ ಮಗುಚಿಕೊಂಡು ದುಂಡು ಗುಳ್ಳೆಗಳತ್ತ ಸಾಗುತ್ತವೆ ಎಂದು ವಿವರಿಸಿದರು. ದಟ್ಟ ಪಟ್ಟಿ ವಿರಳ ಪಟ್ಟಿಯ ಮೇಲೆ ಕುಳಿತಿರುತ್ತದೆ, ಹಗುರದ ಮೇಲೆ ಭಾರ. ಅದು ಹಾಗೇ ನಿಲ್ಲಲಾರದು. ಅದಾದ ಮೇಲೆ, 1996ರಲ್ಲಿ, ಬ್ಯಾಚೆಲರ್ ತಮ್ಮ ಗುರುವಿನ ಜೀವನ ಚರಿತ್ರೆ ಬರೆದು ಪ್ರಕಟಿಸಿದರು.